ಮಲೆನಾಡಿನ ಮನೆಯ ಅಕ್ವೇರಿಯಂಗೆ ಯಾವ ಸಂಪ್? ಕರೆಂಟು ಹೋಗುವುದನ್ನು ಲೆಕ್ಕಕ್ಕೆ ಹಿಡಿದ ಹೋಲಿಕೆ

ಮನೆಯಲ್ಲೇ ಸಂಪ್ ಫಿಲ್ಟರ್ ಮಾಡಿಕೊಳ್ಳಬೇಕು ಎಂದು ಹೊರಟವರಿಗೆ ಸಿಗುವ ಸಲಹೆಗಳೆಲ್ಲ ಕರೆಂಟು ಹೋಗದ ಊರಿನವು. ನಮ್ಮದು ಹಾಗಲ್ಲ. ಜೂನ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಗಾಳಿಗೆ ಮರವೋ ಕೊಂಬೆಯೋ ಲೈನಿನ ಮೇಲೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಒಂದೆರಡು ಗಂಟೆಯಲ್ಲಿ ಕರೆಂಟು ಬಂದರೂ ತೋಟದ ನಡುವಿನ ಒಂಟಿ ಮನೆಗೆ ಒಂದು ದಿನ, ಎರಡು ದಿನ ಬರದೇ ಇರುವುದುಂಟು. ಅದಕ್ಕೇ ಇಲ್ಲಿ ಪ್ರತಿಯೊಂದು ಆಯ್ಕೆಗೂ ಎರಡು ಪ್ರಶ್ನೆ ಹಾಕಿ ನೋಡಿದ್ದೇನೆ. ಕರೆಂಟು ಹೋದ ಕೂಡಲೇ ನೀರು ಎಲ್ಲಿಗೆ ಹೋಗುತ್ತದೆ? ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟು ಬಂದರೆ ಏನಾಗುತ್ತದೆ? ಈ ಎರಡಕ್ಕೆ ಸರಿಯಾದ ಉತ್ತರ ಇರುವ ಸಂಪ್ ಒಳ್ಳೆಯ ಸಂಪ್. ಉಳಿದದ್ದೆಲ್ಲ ಆಮೇಲೆ.

ಸಂಪ್ ಅಂದರೆ ಮೇಲಿನ ಟ್ಯಾಂಕಿನ ಕೆಳಗೆ ಇಡುವ ಇನ್ನೊಂದು ತೊಟ್ಟಿ. ಮೇಲಿನ ನೀರು ತಾನಾಗಿ ಪೈಪಿನಲ್ಲಿ ಕೆಳಗೆ ಇಳಿಯುತ್ತದೆ. ಅಲ್ಲಿ ಸ್ಪಾಂಜು ಕಸ ಹಿಡಿಯುತ್ತದೆ. ಮುಂದಿನ ಖಾನೆಯ ಕಲ್ಲು, ರಿಂಗ್‌ಗಳ (ಇವಕ್ಕೇ ಮೀಡಿಯಾ ಎನ್ನುವುದು) ಮೇಲೆ ಬೆಳೆದ ಬ್ಯಾಕ್ಟೀರಿಯಾ ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಕೊನೆಯ ಖಾನೆಯ ಪಂಪು ಶುದ್ಧ ನೀರನ್ನು ಮೇಲೆ ಕಳಿಸುತ್ತದೆ.

ಸಂಪ್ ಎಲ್ಲರಿಗೂ ಬೇಕಾ?

ಬೇಡ. ಎರಡು ಅಡಿಯ ಟ್ಯಾಂಕಿನಲ್ಲಿ ಗಪ್ಪಿ, ಟೆಟ್ರಾ ಇಟ್ಟವರಿಗೆ ಏರ್ ಪಂಪಿನ ಸ್ಪಾಂಜ್ ಫಿಲ್ಟರ್ ಸಾಕು. ಖರ್ಚು ಕಡಿಮೆ, ಕೆಡುವ ಭಾಗ ಕಡಿಮೆ. ಬ್ಯಾಟರಿಯ ಏರ್ ಪಂಪ್ ಒಂದು ಇದ್ದರೆ ಕರೆಂಟು ಹೋದರೂ ಫಿಲ್ಟರ್ ನಡೆಯುತ್ತಲೇ ಇರುತ್ತದೆ.

ಮೂರು ಅಡಿ ದಾಟಿದ ಮೇಲೆ, ಅದರಲ್ಲೂ ಗೋಲ್ಡ್ ಫಿಶ್, ಆಸ್ಕರ್, ಫ್ಲವರ್ ಹಾರ್ನ್ ತರದ ಜಾಸ್ತಿ ಹೊಲಸು ಮಾಡುವ ಮೀನು ಇದ್ದರೆ, ಆಯ್ಕೆ ಎರಡೇ. ಒಂದು ಕ್ಯಾನಿಸ್ಟರ್, ಇನ್ನೊಂದು ಸಂಪ್. ಕ್ಯಾನಿಸ್ಟರ್ ಮುಚ್ಚಿದ ಡಬ್ಬಿ. ಸದ್ದಿಲ್ಲ, ನೋಡಲು ಚಂದ, ನೀರು ಚೆಲ್ಲುವ ಭಯ ಕಡಿಮೆ. ಆದರೆ ಕರೆಂಟು ಹೋದರೆ ಒಳಗಿನ ನೀರು ನಿಂತುಬಿಡುತ್ತದೆ. ಅದರಲ್ಲಿನ ಆಮ್ಲಜನಕವನ್ನು ಬ್ಯಾಕ್ಟೀರಿಯಾವೇ ಕೆಲವು ಗಂಟೆಗಳಲ್ಲಿ ಮುಗಿಸಿಬಿಡುತ್ತದೆ. ಆಮೇಲೆ ಒಳಗೆ ಕೊಳೆಯುವುದು ಶುರು. ಕರೆಂಟು ಬಂದ ತಕ್ಷಣ ಆ ಗಬ್ಬು ನೀರೆಲ್ಲ ಮೀನಿನ ಮೇಲೆ ಹೋಗುತ್ತದೆ. ಕ್ಯಾನಿಸ್ಟರ್ ಇಟ್ಟವರು ದೀರ್ಘ ಹೊತ್ತು ಕರೆಂಟು ಹೋದ ಮೇಲೆ ಅದನ್ನು ಬಿಚ್ಚಿ, ಮೀಡಿಯಾವನ್ನು ಟ್ಯಾಂಕಿನದೇ ನೀರಿನಲ್ಲಿ ತೊಳೆದು ಮತ್ತೆ ಹಚ್ಚಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದನ್ನು ಮಾಡುವವರು ಯಾರು?

ಸಂಪ್ ಮೇಲೆ ತೆರೆದಿರುತ್ತದೆ. ನೀರು ನಿಂತರೂ ಮೇಲ್ಮೈಗೆ ಗಾಳಿ ತಾಗುತ್ತಿರುತ್ತದೆ. ಮೀಡಿಯಾವನ್ನು ನೀರಿನಲ್ಲಿ ಮುಳುಗಿಸದೆ, ಮೇಲಿಂದ ನೀರು ಸುರಿದು ಹೋಗುವ ಹಾಗೆ ತಟ್ಟೆಗಳಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಪಂಪು ನಿಂತಾಗ ಕಲ್ಲು ಒದ್ದೆಯಾಗಿ ಗಾಳಿಯಲ್ಲೇ ಇರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಅದು ಬೇಗ ಒಣಗುವುದೂ ಇಲ್ಲ. ಬ್ಯಾಕ್ಟೀರಿಯಾ ಉಸಿರುಗಟ್ಟದೆ ಉಳಿಯುತ್ತದೆ. ಮಲೆನಾಡಿನವರಿಗೆ ನಾನು ಸಂಪ್ ಮಾಡಿ ಎಂದು ಒತ್ತಿ ಹೇಳುವುದಕ್ಕೆ ಇದೊಂದೇ ಕಾರಣ ಸಾಕು.

ನೀರು ಇಳಿಸುವ ದಾರಿ: ತೂತೋ, ಪಿವಿಸಿ ಪೈಪೋ, ತಲೆಯ ಮೇಲಿನ ಸಂಪೋ?

ಎಲ್ಲಕ್ಕಿಂತ ಮುಖ್ಯ ನಿರ್ಧಾರ ಇದೇ. ಮನೆಯ ನೆಲ ಒದ್ದೆಯಾಗುವುದೂ ಆಗದಿರುವುದೂ ಇಲ್ಲೇ ತೀರ್ಮಾನವಾಗುತ್ತದೆ.

ಮೊದಲನೆಯದು ಟ್ಯಾಂಕಿನ ಹಿಂದಿನ ಗಾಜಿಗೆ ಮೇಲ್ಭಾಗದಲ್ಲಿ ತೂತು ಹೊಡೆಸಿ, ಟ್ಯಾಂಕ್ ನಿಪ್ಪಲ್ ಹಾಕಿ ಪೈಪ್ ಇಳಿಸುವುದು. ಕರೆಂಟು ಹೋದಾಗ ನೀರು ತೂತಿನ ಅಂಚಿನವರೆಗೆ ಇಳಿದು ನಿಲ್ಲುತ್ತದೆ. ಬಂದಾಗ ಮತ್ತೆ ತುಂಬಿ ಹರಿಯುತ್ತದೆ. ನಡುವೆ ಯಾರ ಕೈಯೂ ಬೇಕಿಲ್ಲ. ನನ್ನ ಮೊದಲ ಆಯ್ಕೆ ಇದೇ. ಹೊಸ ಟ್ಯಾಂಕ್ ಮಾಡಿಸುವವರು ಗಾಜು ಕತ್ತರಿಸುವಾಗಲೇ ತೂತು ಹೊಡೆಸಿಬಿಡಿ. ತೂತಿಗೂ ಗಾಜಿನ ಅಂಚಿಗೂ ನಡುವೆ ಕಡೇಪಕ್ಷ ತೂತಿನಷ್ಟೇ ಅಗಲದ ಗಾಜು ಉಳಿಯಬೇಕು. ಹಳೆಯ ಟ್ಯಾಂಕಿಗೂ ಡೈಮಂಡ್ ಹೋಲ್ ಸಾ ಹಾಕಿ, ನೀರು ಬಿಡುತ್ತಾ, ಒತ್ತದೆ ನಿಧಾನವಾಗಿ ಹೊಡೆಯಬಹುದು. ಟಫನ್ ಗಾಜಾದರೆ (ಕಾಯಿಸಿ ಗಟ್ಟಿ ಮಾಡಿದ ಗಾಜು) ಮಾತ್ರ ಮುಟ್ಟಲೇಬೇಡಿ, ಇಡೀ ಗಾಜು ಚೂರುಚೂರಾಗುತ್ತದೆ.

ಒಂದು ತೂತು ಸಾಕಾ? ಎರಡು ಹೊಡೆಸಿ. ಒಂದರಲ್ಲಿ ಗೇಟ್ ವಾಲ್ವ್ ಹಾಕಿ, ಪೈಪ್ ಪೂರ್ತಿ ನೀರು ತುಂಬಿ ಇಳಿಯುವ ಹಾಗೆ ಹದ ಮಾಡಿ. ಗಾಳಿ ಸೇರದಿದ್ದರೆ ಗೊಳಗೊಳ ಸದ್ದೂ ಇರುವುದಿಲ್ಲ. ಎರಡನೆಯದು ಸ್ವಲ್ಪ ಎತ್ತರದಲ್ಲಿ ಸುಮ್ನೆ ಖಾಲಿ ಇರಲಿ, ಅದಕ್ಕೆ ವಾಲ್ವ್ ಬೇಡ. ಮೊದಲನೆಯದಕ್ಕೆ ಎಲೆಯೋ ಬಸವನಹುಳವೋ ಸಿಕ್ಕಿಕೊಂಡರೆ ನೀರು ಎರಡನೆಯದರಲ್ಲಿ ಹೋಗುತ್ತದೆ. ಆಗ ಕೇಳುವ ಗೊಳಗೊಳ ಸದ್ದೇ ನಿಮಗೆ ಎಚ್ಚರಿಕೆ. ಎರಡಕ್ಕೂ ಬಾಯಿಗೆ ಜಾಲರಿ ಇರಲಿ.

ಎರಡನೆಯದು ಪಿವಿಸಿ ಓವರ್‌ಫ್ಲೋ. ಗಾಜಿಗೆ ತೂತಿಲ್ಲ. ಮೊಣಕೈ ತುಂಡುಗಳನ್ನು ಜೋಡಿಸಿ, ಟ್ಯಾಂಕಿನ ಅಂಚಿನ ಮೇಲಿಂದ ಪೈಪ್ ದಾಟಿಸಿ, ಸೈಫನ್ ಬಲದಲ್ಲಿ, ಅಂದರೆ ನೀರು ತುಂಬಿದ ಪೈಪು ತಾನಾಗಿ ಅಂಚು ದಾಟಿಸಿ ಕೆಳಗೆಳೆಯುವ ಬಲದಲ್ಲಿ, ನೀರು ಇಳಿಸುವುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲ ತುಂಡೂ ಸಿಗುತ್ತದೆ. ಒಂದು ಮಧ್ಯಾಹ್ನದ ಕೆಲಸ. ಸರಿಯಾಗಿ ಮಾಡಿದರೆ ಕರೆಂಟು ಹೋದಾಗ ಪೈಪಿನಲ್ಲಿ ನೀರು ಹಿಡಿದುಕೊಂಡೇ ಇರುತ್ತದೆ, ಬಂದಾಗ ತಾನಾಗಿ ಶುರುವಾಗುತ್ತದೆ. ತೊಂದರೆ ಏನೆಂದರೆ, ಅಂಚಿನ ಮೇಲಿನ ಬಾಗಿನಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆ ಸೇರುತ್ತಾ ಹೋಗುತ್ತವೆ. ಒಂದು ದಿನ ಸೈಫನ್ ಮುರಿಯುತ್ತದೆ. ಪಂಪಿಗೆ ಅದು ಗೊತ್ತಿಲ್ಲ, ಅದು ಮೇಲೆ ನೀರು ಕಳಿಸುತ್ತಲೇ ಇರುತ್ತದೆ.

ಇದಕ್ಕೊಂದು ಉಪಾಯ ಇದೆ, ಪಿವಿಸಿ ಆರಿಸುವವರು ಇದನ್ನು ಬಿಡಲೇಬಾರದು. ಪಂಪಿನ ಖಾನೆಯನ್ನು ಚಿಕ್ಕದಾಗಿ ಮಾಡಿ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕಿನಲ್ಲಿ ಒಂದು ಇಂಚು ನೀರು ಅಂದರೆ ಸುಮಾರು 14 ಲೀಟರ್. ಮೇಲೆ ಒಂದು ಇಂಚು ಜಾಗ ಬಿಟ್ಟಿದ್ದೀರಿ ಎಂದುಕೊಳ್ಳಿ. ಪಂಪಿನ ಖಾನೆ 8 ಇಂಚು ಉದ್ದ, 12 ಇಂಚು ಅಗಲ, ನೀರು 8 ಇಂಚು ಇದ್ದರೆ ಅದು 12.5 ಲೀಟರ್ ಅಷ್ಟೇ. ಸೈಫನ್ ಮುರಿದರೂ ಪಂಪು ಆ 12.5 ಲೀಟರ್ ಕಳಿಸಿ ಒಣಗುತ್ತದೆ. ಪಂಪು ಸುಟ್ಟರೂ ಸುಡಬಹುದು, ಆದರೆ ಮನೆಯೊಳಗೆ ನೀರು ನುಗ್ಗುವುದಿಲ್ಲ. ಹೀಟರನ್ನು ಈ ಖಾನೆಯಲ್ಲಿ ಇಡಬೇಡಿ. ನೀರಿನ ಮಟ್ಟ ಇಳಿಯದ ನಡುವಿನ ಖಾನೆಯಲ್ಲಿಡಿ.

ಮೂರನೆಯದು ಸಂಪನ್ನೇ ಟ್ಯಾಂಕಿನ ಮೇಲೆ ಕೂರಿಸುವುದು. ಪಂಪು ಟ್ಯಾಂಕಿನೊಳಗೆ, ಮೇಲೆ ಪ್ಲಾಸ್ಟಿಕ್ ಟ್ರೇಗಳು. ನೀರು ಮೇಲೇರಿ, ಮೀಡಿಯಾದ ಮೇಲೆ ಸುರಿದು, ಟ್ಯಾಂಕಿಗೇ ಬೀಳುತ್ತದೆ. ಕರೆಂಟು ಹೋದರೆ ಟ್ರೇಯಲ್ಲಿದ್ದ ನೀರು ಕೆಳಗಿಳಿಯುತ್ತದೆ, ಅಷ್ಟೇ. ಬಂದರೆ ತಾನಾಗಿ ಶುರು. ನೆಲಕ್ಕೆ ನೀರು ಬರುವ ದಾರಿ ಒಂದೇ, ಟ್ರೇಯ ತೂತು ಕಟ್ಟಿಕೊಳ್ಳುವುದು. ಅದಕ್ಕೂ ಟ್ಯಾಂಕಿನ ಮೇಲೆಯೇ ಬಾಯಿ ತೆರೆಯುವ ಇನ್ನೊಂದು ದೊಡ್ಡ ತೂತು ಮೇಲುಗಡೆ ಕೊಟ್ಟರೆ ಮುಗಿಯಿತು. ನೋಡಲು ಅಷ್ಟು ಚಂದವಿಲ್ಲ, ನೀರು ಬೀಳುವ ಸದ್ದು ಇರುತ್ತದೆ, ಪಂಪೂ ಹೀಟರೂ ಟ್ಯಾಂಕಿನೊಳಗೇ ಕಾಣುತ್ತವೆ. ಆದರೂ ಮೂರು ಅಡಿಯೊಳಗಿನ ಟ್ಯಾಂಕಿಗೆ, ಬಾಡಿಗೆ ಮನೆಯವರಿಗೆ, ವಾರಗಟ್ಟಲೆ ಊರಿಗೆ ಹೋಗುವವರಿಗೆ ಪಿವಿಸಿ ಓವರ್‌ಫ್ಲೋಗಿಂತ ಇದೇ ಮೇಲು. ಇದನ್ನು ಕೀಳಾಗಿ ನೋಡುವವರು ಇದ್ದಾರೆ. ಮೀನಿಗೆ ಬೇಕಾದ ಕೆಲಸವನ್ನೆಲ್ಲ ಅದು ಮಾಡುತ್ತದೆ, ಮತ್ತೇನು ಬೇಕು?

ಸಂಪಿನಲ್ಲಿ ಖಾಲಿ ಜಾಗ ಎಷ್ಟಿರಬೇಕು

ಕೆಳಗಿನ ಸಂಪ್ ಮಾಡುವವರಿಗೆ ಈ ಲೆಕ್ಕ ಬಾಯಿಪಾಠ ಆಗಬೇಕು. ಮೇಲೆ ಹೇಳಿದ ಟ್ಯಾಂಕು ಒಂದೂವರೆ ಅಡಿ ಎತ್ತರವಿದ್ದರೆ ಒಟ್ಟು 255 ಲೀಟರ್ ಹಿಡಿಯುತ್ತದೆ. ಅದಕ್ಕೆ ಎರಡೂವರೆ ಅಡಿ ಉದ್ದ, ಒಂದಡಿ ಅಗಲ, 15 ಇಂಚು ಎತ್ತರದ ಸಂಪ್ ಒಪ್ಪುತ್ತದೆ. ಅದು ಸುಮಾರು 88 ಲೀಟರ್. ಕರೆಂಟು ಹೋದಾಗ ಮೇಲಿನ ನೀರು ಒಂದೂವರೆ ಇಂಚು ಇಳಿಯಿತು ಅಂದರೆ 21 ಲೀಟರ್ ಕೆಳಗೆ ಬಂತು. ಈ ಸಂಪಿನಲ್ಲಿ ಒಂದು ಇಂಚಿಗೆ ಸುಮಾರು 6 ಲೀಟರ್. ಅಂದರೆ ನೀರು ಮೂರೂವರೆ ಇಂಚು ಏರುತ್ತದೆ. ಪೈಪಿನಲ್ಲಿದ್ದ ನೀರೂ ಸೇರುತ್ತದೆ. ಆದ್ದರಿಂದ ಸಂಪಿನ ಮೇಲೆ ಐದು ಇಂಚು ಖಾಲಿ ಇರಲಿ.

ನೀರು ಮೇಲೆ ತರುವ ಪೈಪಿನ ಬಾಯಿ ಟ್ಯಾಂಕಿನ ಆಳದಲ್ಲಿ ಇದ್ದರೆ ಲೆಕ್ಕವೆಲ್ಲ ತಲೆಕೆಳಗು. ಪಂಪು ನಿಂತ ಕೂಡಲೇ ಅದೇ ಪೈಪು ತಿರುಗಿ ನೀರೆಳೆಯುತ್ತದೆ. ಆ ಪೈಪಿಗೆ ನೀರಿನ ಮಟ್ಟದಿಂದ ಸ್ವಲ್ಪವೇ ಕೆಳಗೆ 3 ಮಿಲಿಮೀಟರಿನ ಒಂದು ತೂತು ಹೊಡೆಯಿರಿ. ನೀರು ಅಲ್ಲಿಗೆ ಇಳಿದಾಗ ಗಾಳಿ ಸೇರಿ ಸೈಫನ್ ನಿಲ್ಲುತ್ತದೆ. ಪಾಚಿ ಕಟ್ಟದ ಹಾಗೆ ಆಗಾಗ ಕಡ್ಡಿಯಿಂದ ಚುಚ್ಚಿ ನೋಡುತ್ತಿರಿ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಹಾಕಿದ್ದೇನೆ, ತೂತು ಬೇಡ ಎನ್ನುವವರ ಮಾತು ಕೇಳಬೇಡಿ. ವಾಲ್ವಿನಲ್ಲಿ ಒಂದು ಕಸ ಸಿಕ್ಕಿದರೆ ಅದು ಪೂರ್ತಿ ಮುಚ್ಚುವುದೇ ಇಲ್ಲ.

ಗಾಜು, ಪ್ಲಾಸ್ಟಿಕ್, ಡ್ರಮ್ಮು

ಗಾಜಿನ ಸಂಪ್ ಒಳ್ಳೆಯದು. ಅಡ್ಡ ಗಾಜುಗಳನ್ನು ಬೇಕಾದ ಎತ್ತರಕ್ಕೆ ಅಂಟಿಸಬಹುದು, ಒಳಗೆ ಏನಾಗುತ್ತಿದೆ ಕಾಣುತ್ತದೆ. ಮನೆಯಲ್ಲಿ ಹಳೆಯ ಟ್ಯಾಂಕ್ ಬಿದ್ದಿದ್ದರೆ ಅದೇ ಸಾಕು. ಅಕ್ವೇರಿಯಂಗೆ ಆಗುವ ಸಿಲಿಕೋನನ್ನೇ ತನ್ನಿ. ಬಚ್ಚಲು ಮನೆಗೆಂದು ಬರುವ, ಬೂಸ್ಟು ಹಿಡಿಯದ ಹಾಗೆ ಔಷಧಿ ಬೆರೆಸಿದ ಸಿಲಿಕೋನ್ ಬೇಡ, ಮೀನಿಗೆ ವಿಷ. ಮಳೆಗಾಲದಲ್ಲಿ ಸಿಲಿಕೋನ್ ಗಟ್ಟಿಯಾಗುವುದಿಲ್ಲ ಎಂದು ಹೆದರಬೇಕಿಲ್ಲ. ಹುಳಿ ವಾಸನೆಯ ಸಿಲಿಕೋನ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಅಂಟಿಸುವ ಜಾಗ ಮಾತ್ರ ಪೂರ್ತಿ ಒಣಗಿರಬೇಕು, ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಕೆರೆದು ತೆಗೆದಿರಬೇಕು. ಪಿವಿಸಿ ಪೈಪಿನ ಅಂಟಿನ ಕಥೆ ಬೇರೆ. ಅದು ಥಂಡಿಯಲ್ಲಿ ನಿಧಾನ, ಒಂದು ದಿನ ಜಾಸ್ತಿ ಬಿಡಿ.

ಪ್ಲಾಸ್ಟಿಕ್ ಡಬ್ಬಿ ಅಗ್ಗ, ಒಡೆಯುವುದಿಲ್ಲ. ಆದರೆ ನೀರು ತುಂಬಿದರೆ ಪಕ್ಕಗಳು ಉಬ್ಬುತ್ತವೆ, ಒಳಗೆ ಅಂಟಿಸಿದ ಅಡ್ಡ ಹಲಗೆ ಕಿತ್ತು ಬರುತ್ತದೆ. ಪ್ಲಾಸ್ಟಿಕ್ಕಿಗೆ ಸಿಲಿಕೋನ್ ಸರಿಯಾಗಿ ಹಿಡಿಯುವುದೂ ಇಲ್ಲ. ಅಡ್ಡ ಹಲಗೆಯ ಗೋಜಿಗೆ ಹೋಗದೆ, ಒಂದು ದೊಡ್ಡ ಡಬ್ಬಿಯೊಳಗೆ ಮೀಡಿಯಾ ತುಂಬಿದ ಸಣ್ಣ ಬುಟ್ಟಿಗಳನ್ನು ಇಟ್ಟು, ಮೇಲಿಂದ ನೀರು ಸುರಿಸುವ ವ್ಯವಸ್ಥೆ ಮಾಡಿದರೆ ಪ್ಲಾಸ್ಟಿಕ್ಕೂ ಒಳ್ಳೆಯ ಸಂಪ್ ಆಗುತ್ತದೆ.

ಡ್ರಮ್ ತರುವ ಮೊದಲು ಅದರಲ್ಲಿ ಹಿಂದೆ ಏನಿತ್ತು ಎಂದು ಕೇಳಿ. ನಮ್ಮ ಕಡೆ ತೋಟದ ಮನೆಯ ಡ್ರಮ್ ಅಂದರೆ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಕಲಸಿದ್ದೇ ಆಗಿರುತ್ತದೆ. ಬೋರ್ಡೋದಲ್ಲಿ ಇರುವುದು ಮೈಲುತುತ್ತ, ಅಂದರೆ ತಾಮ್ರ. ಮೀನಿಗೆ, ಸಿಗಡಿಗೆ, ಬಸವನಹುಳಕ್ಕೆ ತಾಮ್ರ ಆಗದು. ನಮ್ಮಂಥ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಜೋರು. ಎಷ್ಟು ತೊಳೆದರೂ ಆ ಡ್ರಮ್ ಬೇಡ. ಕೀಟನಾಶಕದ ಡಬ್ಬಿಯಂತೂ ಹತ್ತಿರವೂ ಬರಬಾರದು. ಮದ್ದು ಹೊಡೆಯುವ ದಿನಗಳಲ್ಲಿ ತೋಟದ ಬಾವಿಯ ನೀರನ್ನು ಟ್ಯಾಂಕಿಗೆ ಹಾಕದಿದ್ದರೆ ಒಳ್ಳೆಯದು.

ಪಂಪು

ಗಂಟೆಗೆ ಟ್ಯಾಂಕಿನ ನೀರು ನಾಲ್ಕರಿಂದ ಆರು ಸಲ ತಿರುಗಿದರೆ ಸಾಕು. 250 ಲೀಟರಿಗೆ 1000ದಿಂದ 1500 ಲೀಟರ್. ಆದರೆ ಪೆಟ್ಟಿಗೆಯ ಮೇಲೆ ಬರೆದ ಲೀಟರ್ ನಿಮಗೆ ಸಿಗುವುದಿಲ್ಲ. 2500 ಲೀಟರ್, ಗರಿಷ್ಠ ಎತ್ತರ 2.5 ಮೀಟರ್ ಎಂದು ಬರೆದಿದ್ದರೆ, ಆ ಎತ್ತರದಲ್ಲಿ ಒಂದು ಹನಿಯೂ ಬರುವುದಿಲ್ಲ ಎಂದರ್ಥ. ಅದರ ಅರ್ಧ ಎತ್ತರಕ್ಕೆ ಸುಮಾರು ಅರ್ಧ ನೀರು ಎಂದು ಹಿಡಿಯಿರಿ. ಮೊಣಕೈ ತಿರುವು ಜಾಸ್ತಿಯಾದರೆ ಇನ್ನೂ ಕಡಿಮೆ.

40 ವ್ಯಾಟಿನ ಪಂಪು ಹಗಲೂ ರಾತ್ರಿ ನಡೆದರೆ ತಿಂಗಳಿಗೆ ಸುಮಾರು 29 ಯೂನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗಳು ಇದನ್ನು ಮೊದಲೇ ಲೆಕ್ಕ ಹಾಕಬೇಕು. ಡಿಸಿ ಪಂಪು ಅದೇ ಕೆಲಸಕ್ಕೆ ಕಡಿಮೆ ಕರೆಂಟು ತಿನ್ನುತ್ತದೆ, ಸದ್ದು ಕಡಿಮೆ, ವೇಗ ಹೆಚ್ಚು ಕಡಿಮೆ ಮಾಡಬಹುದು. ಹಾಗಿದ್ದರೂ ನಾನು ಇಲ್ಲಿಯವರಿಗೆ ಸಾದಾ ಎಸಿ ಪಂಪನ್ನೇ ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿಗೆ, ವೋಲ್ಟೇಜ್ ಏರಿಳಿತಕ್ಕೆ ಡಿಸಿ ಪಂಪಿನ ಅಡಾಪ್ಟರ್, ಕಂಟ್ರೋಲರ್ ಸುಲಭವಾಗಿ ಸುಟ್ಟುಹೋಗುತ್ತದೆ. ಅದೇ ಕಂಟ್ರೋಲರ್ ಊರಿನ ಅಂಗಡಿಯಲ್ಲಿ ಕೂಡಲೇ ಸಿಗುವುದು ಕಷ್ಟ. ಎಸಿ ಪಂಪಿನ ಒಳಗಿನ ಫ್ಯಾನನ್ನು ತಿಂಗಳಿಗೊಮ್ಮೆ ತೊಳೆಯಿರಿ. ಪಾಚಿ, ಲೋಳೆ ಕಟ್ಟಿದ ಪಂಪು ಕರೆಂಟು ಬಂದಾಗ ತಿರುಗದೆ ಗುಂಯ್ ಎಂದು ನಿಂತಿರುತ್ತದೆ.

ಇನ್ವರ್ಟರ್ ಇದ್ದರೆ ಪಂಪನ್ನು ಅದಕ್ಕೆ ಕೊಡಬಹುದು. ಸೈನ್ ವೇವ್ ಇನ್ವರ್ಟರ್ ಆದರೆ ಸರಿ, ಸ್ಕ್ವೇರ್ ವೇವ್‌ನಲ್ಲಿ ಪಂಪು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ. ಕರೆಂಟು ಇಲ್ಲದಷ್ಟು ಹೊತ್ತೂ ಮೀನಿಗೆ ಊಟ ಹಾಕಬೇಡಿ. ಒಂದೆರಡು ದಿನ ಉಪವಾಸದಿಂದ ಬೆಳೆದ ಮೀನಿಗೆ ಏನೂ ಆಗುವುದಿಲ್ಲ.

ಒಳಗೆ ಏನು ತುಂಬುವುದು, ಮತ್ತು ನಮ್ಮ ನೀರಿನ ವಿಷಯ

ಸೆರಾಮಿಕ್ ರಿಂಗ್, ಬಯೋ ಬಾಲ್ (ತೂತು ತೂತಿನ ಪ್ಲಾಸ್ಟಿಕ್ ಉಂಡೆ), ಲಾವಾ ಕಲ್ಲು ಎಲ್ಲವೂ ನಡೆಯುತ್ತದೆ. ದುಬಾರಿ ಮೀಡಿಯಾ ಸ್ವಲ್ಪ ತರುವುದಕ್ಕಿಂತ ಅಗ್ಗದ್ದನ್ನು ಜಾಸ್ತಿ ತುಂಬುವುದು ವಾಸಿ. ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಜಾಲಿ, ಸೋಪು ಹಾಕದ್ದು, ಬಯೋ ಬಾಲಿನಷ್ಟೇ ಕೆಲಸ ಮಾಡುತ್ತದೆ. ಹಳೆಯ ಮಂಗಳೂರು ಹೆಂಚಿನ ಚೂರನ್ನೂ ಹಾಕಬಹುದು. ಸುಟ್ಟ ಮಣ್ಣು, ನೀರಿಗೆ ಏನೂ ಬಿಡುವುದಿಲ್ಲ. ಬಣ್ಣ ಹೊಡೆದದ್ದು ಬೇಡ, ಪಾಚಿಯನ್ನು ಉಜ್ಜಿ ತೊಳೆದು ಒಣಗಿಸಿ. ಜಂಬಿಟ್ಟಿಗೆ ಚೂರು ಹಾಕಬಹುದಾ ಎಂದು ಹಲವರು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಮೆತ್ತನೆಯ ಕಲ್ಲು, ಉದುರುತ್ತದೆ, ಕೆಂಪು ಹುಡಿ ಪಂಪಿಗೆ ಹೋಗುತ್ತದೆ.

ಕ್ರಮ ಮುಖ್ಯ. ನೀರು ಮೊದಲು ಮ್ಯಾಟ್ ಅಥವಾ ಸ್ಪಾಂಜಿನ ಮೇಲೆ ಬೀಳಲಿ, ಆಮೇಲೆ ಮೀಡಿಯಾಗೆ ಹೋಗಲಿ. ಸ್ಪಾಂಜನ್ನು ವಾರಕ್ಕೊಮ್ಮೆ ಹಿಂಡಿ, ಮೀಡಿಯಾವನ್ನು ಸುಮ್ನೆ ಬಿಡಿ. ಸಂಪಿನ ಬಾಯಲ್ಲಿ ಒಂದೆರಡು ಮನಿ ಪ್ಲಾಂಟ್ ಬಳ್ಳಿಯ ಬೇರು ಇಳಿಬಿಟ್ಟರೆ ನೈಟ್ರೇಟನ್ನು ಅದು ಹೀರಿಕೊಳ್ಳುತ್ತದೆ.

ಈಗ ಇಲ್ಲಿಯವರು ಮಾತ್ರ ಯೋಚಿಸಬೇಕಾದ ಒಂದು ವಿಷಯ. ತುಂಗೆಯ ನೀರು, ಗುಡ್ಡದ ಅಬ್ಬಿ ನೀರು, ಅಂಗಳದ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು. ಮಳೆ ನೀರಂತೂ ಕೇಳುವುದೇ ಬೇಡ. ಮೆದು ನೀರಿನಲ್ಲಿ ಕ್ಷಾರ ಕಡಿಮೆ. ಸಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ಕಳೆಯುವಾಗ ಈ ಕ್ಷಾರವನ್ನೇ ತಿನ್ನುತ್ತದೆ. ಅಮೋನಿಯಾದಲ್ಲಿನ ಒಂದು ಗ್ರಾಂ ಸಾರಜನಕಕ್ಕೆ ಸುಮಾರು ಏಳು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಷ್ಟು ಕ್ಷಾರ ಖರ್ಚಾಗುತ್ತದೆ. ಸಂಪ್ ಚೆನ್ನಾಗಿ ಕೆಲಸ ಮಾಡಿದಷ್ಟೂ ನೀರು ಹುಳಿಯಾಗುತ್ತಾ ಹೋಗುತ್ತದೆ. ಪಿಎಚ್ 6ಕ್ಕಿಂತ ಕೆಳಗೆ ಹೋದರೆ ಅದೇ ಬ್ಯಾಕ್ಟೀರಿಯಾದ ಕೆಲಸ ತೀರಾ ನಿಧಾನವಾಗುತ್ತದೆ. ಗೋಲ್ಡ್ ಫಿಶ್ ತುಂಬಿದ ಟ್ಯಾಂಕಿನಲ್ಲಿ ಇದು ದೊಡ್ಡ ಅಪಾಯ.

ಪರಿಹಾರ ಸುಲಭ. ಕರಾವಳಿಯಿಂದ ಬರುವ ಕಪ್ಪೆಚಿಪ್ಪನ್ನು ಉಪ್ಪು ಹೋಗುವ ಹಾಗೆ ತೊಳೆದು, ಕುಟ್ಟಿ, ಒಂದು ಹಿಡಿಯಷ್ಟನ್ನು ಬಲೆಯ ಚೀಲದಲ್ಲಿ ಕಟ್ಟಿ ಸಂಪಿನಲ್ಲಿಡಿ. ನೀರು ಹುಳಿಯಾದಾಗ ಅದು ಕರಗಿ ಕ್ಷಾರ ಕೊಡುತ್ತದೆ. ಕೆಎಚ್, ಅಂದರೆ ನೀರಿನ ಈ ಕ್ಷಾರ, ಅಳೆಯುವ ಕಿಟ್ ಒಂದಿರಲಿ, ನೋಡಿಕೊಂಡು ಹಾಕಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಇದರ ಅಗತ್ಯವಿಲ್ಲ. ಪೇಟೆಯ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ಸಂಪಿಗೆ ಸುರಿಯಬೇಡಿ, ಬ್ಯಾಕ್ಟೀರಿಯಾ ಸಾಯುತ್ತದೆ.

ಸಂಪ್ ನಿಜವಾಗಿ ಒಪ್ಪುವುದು ನಮ್ಮ ಹೊಳೆಯ ಮೀನುಗಳಿಗೆ. ಅಂಗಡಿಗಳಲ್ಲಿ ಜೀಬ್ರಾ ಲೋಚ್ ಎಂದು ಮಾರುವ ಪಟ್ಟೆ ಪಟ್ಟೆಯ ಪುಟ್ಟ ಮೀನು ಪಶ್ಚಿಮ ಘಟ್ಟದ್ದೇ. ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ 1920ರಲ್ಲಿ ಅದನ್ನು ಮೊದಲ ಬಾರಿಗೆ ವಿವರಿಸಿದ್ದು ನಮ್ಮ ತುಂಗೆಯ ಮೀನನ್ನು ನೋಡಿ. ಹರಿಯುವ, ಆಮ್ಲಜನಕ ತುಂಬಿದ, ಶುದ್ಧ ನೀರು ಅದಕ್ಕೆ ಬೇಕು. ಸಂಪಿನಲ್ಲಿ ಸುರಿದು ಬರುವ ನೀರು ಅಂಥದ್ದೇ. ಈಗ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ, ಹೊಳೆಯಿಂದ ಹಿಡಿದು ತರಬೇಡಿ. ಅಕ್ವೇರಿಯಂ ಸಾಕಾಯಿತೆಂದು ಅಂಗಡಿಯ ಮೀನನ್ನು ಹೊಳೆಗೆ, ಕೆರೆಗೆ ಬಿಡಲೂಬೇಡಿ. ಇಂಥ ಮೀನುಗಳಿಗೆ ಚಿಪ್ಪು ತೀರಾ ಸ್ವಲ್ಪ ಸಾಕು.

ಇಡುವ ಜಾಗ, ವೈರು, ಮುಚ್ಚಳ

ನೀರೇ 255 ಕಿಲೋ, ಗಾಜು, ಕಲ್ಲು ಬೇರೆ. ಹಳೆಯ ಮನೆಯ ಮರದ ಉಪ್ಪರಿಗೆಯ ಮೇಲೆ ಬೇಡ. ಸಾದಾ ಪ್ಲೈವುಡ್ ನಮ್ಮ ಮಳೆಗಾಲಕ್ಕೆ ಉಬ್ಬುತ್ತದೆ, ಬಣ್ಣ ಹೊಡೆದ ಕಬ್ಬಿಣದ ಆಂಗಲ್ ಸ್ಟ್ಯಾಂಡ್ ವಾಸಿ. ಪ್ಲಗ್ ಪಾಯಿಂಟ್ ಸಂಪಿಗಿಂತ ಎತ್ತರದಲ್ಲಿರಲಿ. ವೈರು ಪ್ಲಗ್ಗಿಗಿಂತ ಕೆಳಗೆ ಬಾಗಿ ಮೇಲೇರಲಿ, ಹನಿ ನೀರು ಅಲ್ಲೇ ಬೀಳುತ್ತದೆ. ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಆರ್‌ಸಿಸಿಬಿ ಇಲ್ಲದ ಲೈನಿಗೆ ಕೊಡಬೇಡಿ. ಸಂಪಿನ ಮೇಲೆ ಸೊಳ್ಳೆ ಪರದೆಯ ಬಲೆ ಹಾಕಿ, ಕಪ್ಪೆ, ಹಲ್ಲಿ, ಜಿರಲೆ ಬೀಳುವುದು ತಪ್ಪುತ್ತದೆ.

ಶುರು ಮಾಡುವಾಗ

ಮೀನು ಬಿಡುವ ಮೊದಲು ಬರೀ ನೀರು ತುಂಬಿ ಓಡಿಸಿ. ಸ್ವಿಚ್ ಆರಿಸಿ, ನೀರು ಇಳಿದು ನಿಲ್ಲುವವರೆಗೆ ಕಾಯಿರಿ. ಸಂಪಿನಲ್ಲಿ ನೀರು ಎಲ್ಲಿಗೆ ಏರಿತು ಎಂದು ಗಾಜಿನ ಮೇಲೆ ಗುರುತು ಹಾಕಿ. ಮತ್ತೆ ಹಾಕಿ, ತಾನಾಗಿ ಶುರುವಾಯಿತಾ ನೋಡಿ. ಹೀಗೆ ಹಗಲಿಡೀ ಆಗಾಗ ಮಾಡಿ. ಬೇಕೆಂದೇ ಇಳಿಯುವ ಪೈಪಿನ ಬಾಯಿಯನ್ನು ಕೈಯಿಂದ ಮುಚ್ಚಿ, ಮೇಲಿನ ಟ್ಯಾಂಕ್ ಚೆಲ್ಲುತ್ತದಾ ಎಂದೂ ನೋಡಿ. ಪಿವಿಸಿ ಓವರ್‌ಫ್ಲೋ ಇಟ್ಟವರು ಈ ಕೊನೆಯದನ್ನು ಮಾಡದೆ ಮನೆ ಬಿಟ್ಟು ಹೊರಡಬಾರದು.

ಆಮೇಲೆ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಚೆನ್ನಾಗಿ ನಡೆಯುತ್ತಿರುವ ಟ್ಯಾಂಕ್ ಇರುವ ಗೆಳೆಯರಿದ್ದರೆ ಅವರ ಸ್ಪಾಂಜಿನ ಒಂದು ತುಂಡನ್ನೋ ಒಂದು ಹಿಡಿ ರಿಂಗನ್ನೋ ಒದ್ದೆಯಾಗಿಯೇ ತಂದು ಹಾಕಿ, ಬೇಗ ಆಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆಯೇ ಮೀನು, ಅದೂ ಸ್ವಲ್ಪ ಸ್ವಲ್ಪವಾಗಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಈ ಕೆಲಸ ಇನ್ನೂ ನಿಧಾನ. ಆಗ ಶುರು ಮಾಡುವವರು ಸಂಪಿನ ನಡುವಿನ ಖಾನೆಗೆ ಹೀಟರ್ ಹಾಕಿ ನೀರನ್ನು 26 ಡಿಗ್ರಿಯ ಆಸುಪಾಸು ಇಟ್ಟುಕೊಳ್ಳಿ.